ಅಮೆರಿಕದ ಸಣ್ಣ ಬ್ಯಾಂಕ್ ಷೇರು: ಸಂಸ್ಥೆಗಳ ಪಾಲು ನೂರು ದಾಟಿದೆ, ಒಳಗಿನವರದ್ದು ಬರೀ ಚೂರು. ಇದನ್ನು ಹೇಗೆ ಓದೋದು?

ಹೊಸ_ಷೇರುದಾರ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ಪ್ರಾದೇಶಿಕ ಬ್ಯಾಂಕಿನ ಷೇರಿನ ಮೇಲೆ ಕಣ್ಣಿಟ್ಟಿದ್ದೇನೆ. ಹೆಸರು ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಚರ್ಚೆ "ತಗೋ, ಬಿಡು" ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಬೆಲೆ ಪುಸ್ತಕ ಮೌಲ್ಯಕ್ಕಿಂತ ಕೆಳಗಿದೆ, ಡಿವಿಡೆಂಡ್ ನಿಯಮಿತವಾಗಿ ಬರುತ್ತಿದೆ, ಸಾಲದ ಪಟ್ಟಿಯೂ ನೋಡಿದ ಮಟ್ಟಿಗೆ ಪರವಾಗಿಲ್ಲ.

ನನ್ನ ತಲೆ ಕೆಟ್ಟಿದ್ದು ಆ್ಯಪ್‌ನ ಮಾಲೀಕತ್ವದ ಪುಟದಲ್ಲಿ. ಸಂಸ್ಥೆಗಳ, ಅಂದರೆ ಫಂಡ್, ಪಿಂಚಣಿ ನಿಧಿಯಂಥವರ ಪಾಲು ಶೇ ನೂರಕ್ಕಿಂತ ಜಾಸ್ತಿ ತೋರಿಸುತ್ತಿದೆ. ಒಳಗಿನವರ ಪಾಲು, ಅಂದರೆ ಡೈರೆಕ್ಟರ್, ಅಧಿಕಾರಿಗಳ ಇನ್‌ಸೈಡರ್ ಪಾಲು, ಶೇ ಮೂರರ ಆಸುಪಾಸು. ಇರುವುದೇ ನೂರು ಪಾಲು ಅಂದ ಮೇಲೆ ನೂರಕ್ಕಿಂತ ಜಾಸ್ತಿ ಹೇಗೆ? ಇನ್ನೊಂದು, ನಡೆಸುವವರೇ ಇಷ್ಟು ಕಮ್ಮಿ ಇಟ್ಟುಕೊಂಡಿದ್ದಾರೆ ಅಂದರೆ ಅವರಿಗೇ ನಂಬಿಕೆ ಇಲ್ಲವಾ? ಸಾಲದ್ದಕ್ಕೆ ಹೋದ ತಿಂಗಳು ಹಣಕಾಸು ಮುಖ್ಯಸ್ಥರು ಷೇರು ಬಿಟ್ಟಿದ್ದಾರೆ ಅಂತ ಕೆಂಪು ಬಾಣ ಬೇರೆ ಹಾಕಿದ್ದಾರೆ.

ಚಾರ್ಟ್_ಪ್ರಿಯ

ಒಳಗಿನವರು ಮಾರಿದರೆ ನಾವೂ ಜಾಗ ಖಾಲಿ ಮಾಡಬೇಕು ಗುರು. ಸಿಲಿಕಾನ್ ವ್ಯಾಲಿ ಬ್ಯಾಂಕ್ ಕಥೆ ಮರೆತುಹೋಯಿತಾ? ಸಿಇಒ ಸುಮಾರು 36 ಲಕ್ಷ ಡಾಲರ್‌ನ ಷೇರು ಮಾರಿದರು. ಎರಡು ವಾರ ಕಳೆಯುವುದರೊಳಗೆ ಬ್ಯಾಂಕ್ ಮುಳುಗಿತು. ಇದಕ್ಕಿಂತ ಇನ್ನೇನು ಬೇಕು?

ಫುಟ್‌ನೋಟ್_ಓದುಗ

ಚಾರ್ಟ್_ಪ್ರಿಯ ಅವರೇ, ಆ ಕಥೆಗೆ ಬರೋಣ. ಅದರಲ್ಲಿ ನೀವು ಹೇಳಿದ್ದಕ್ಕಿಂತ ಸ್ವಾರಸ್ಯದ ವಿಷಯ ಇದೆ. ಮೊದಲು ನೂರು ದಾಟಿದ ಲೆಕ್ಕ.

ಈ ಸಂಖ್ಯೆ ಬರುವುದು 13ಎಫ್ ಅನ್ನುವ ಫೈಲಿಂಗ್‌ನಿಂದ. 10 ಕೋಟಿ ಡಾಲರ್‌ಗಿಂತ ಹೆಚ್ಚಿನ ಅಮೆರಿಕನ್ ಷೇರುಗಳನ್ನು ನೋಡಿಕೊಳ್ಳುವ ಪ್ರತಿ ಮ್ಯಾನೇಜರ್ ಮೂರು ತಿಂಗಳಿಗೊಮ್ಮೆ ತನ್ನ ಪಟ್ಟಿಯನ್ನು ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿಗೆ ಕೊಡಬೇಕು. ತ್ರೈಮಾಸಿಕ ಮುಗಿದ ಮೇಲೆ 45 ದಿನ ಸಮಯ. ಆ ಪಟ್ಟಿಯಲ್ಲಿ ಇರುವುದು ಕೈಯಲ್ಲಿರುವ ಷೇರು ಮಾತ್ರ. ಶಾರ್ಟ್ ಮಾಡಿದ್ದು, ಅಂದರೆ ಬೆಲೆ ಬೀಳುತ್ತದೆ ಅಂತ ಸಾಲ ತಂದ ಷೇರನ್ನು ಮಾರಿದ್ದು, ಅಲ್ಲಿ ಕಾಣುವುದಿಲ್ಲ. ತೊಂದರೆ ಶುರುವಾಗುವುದು ಇಲ್ಲೇ.

ಒಂದು ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿ ಇರುವ ಷೇರುಗಳನ್ನು ಹಾಗೇ ಕೊಳ್ಳುವ ಫಂಡ್) ಹತ್ತಿರ 10 ಷೇರು ಇದೆ ಅಂದುಕೊಳ್ಳಿ. ಅದನ್ನು ಶಾರ್ಟ್ ಮಾಡುವವನಿಗೆ ಸಾಲ ಕೊಡುತ್ತದೆ. ಅವನು ಮಾರುತ್ತಾನೆ. ಆ 10ನ್ನು ಇನ್ನೊಂದು ಪಿಂಚಣಿ ನಿಧಿ ಕೊಳ್ಳುತ್ತದೆ. ಸಾಲ ಕೊಟ್ಟ ಫಂಡ್ ತನ್ನ 13ಎಫ್‌ನಲ್ಲಿ 10 ತೋರಿಸುತ್ತದೆ, ಕೊಂಡ ನಿಧಿಯೂ 10 ತೋರಿಸುತ್ತದೆ. ಇರುವುದು 10, ಲೆಕ್ಕಕ್ಕೆ ಬಂದಿದ್ದು 20. ಪ್ರಾದೇಶಿಕ ಬ್ಯಾಂಕ್‌ಗಳ ಮೇಲೆ ಶಾರ್ಟ್ ಜಾಸ್ತಿ ಆದಾಗ ಸಂಸ್ಥೆಗಳ ಪಾಲು ತಾನಾಗಿ ಏರಿದ ಹಾಗೆ ಕಾಣುತ್ತದೆ. ಜನ ಅದನ್ನು "ದೊಡ್ಡವರು ಕೊಳ್ಳುತ್ತಿದ್ದಾರೆ" ಅಂತ ಓದಿಕೊಳ್ಳುತ್ತಾರೆ. ನಿಜ ಪೂರ್ತಿ ಉಲ್ಟಾ ಇರಬಹುದು.

ಇದರ ಜೊತೆ ಭಾಗಿಸುವ ಸಂಖ್ಯೆಯ ತಕರಾರು. ಕೆಲವು ಆ್ಯಪ್‌ಗಳು ಒಟ್ಟು ಷೇರಿನಿಂದ ಭಾಗಿಸುತ್ತವೆ, ಕೆಲವು ಒಳಗಿನವರ ಷೇರು ಕಳೆದು ಉಳಿದ ಫ್ಲೋಟ್‌ನಿಂದ. ಬ್ಯಾಂಕ್ ಮಧ್ಯೆ ಷೇರು ಮರಳಿ ಕೊಂಡಿದ್ದರೆ ಮೇಲಿನ ಸಂಖ್ಯೆ ಹಳೆಯದು, ಕೆಳಗಿನದು ಹೊಸದು. ಹಾಗಾಗಿ ನೂರು ದಾಟಿದ್ದರಲ್ಲಿ ಮೋಸ ಏನೂ ಇಲ್ಲ. ಶಾರ್ಟ್ ಎಷ್ಟಿದೆ ಅಂತ ಬೇರೆ ಕಡೆ ನೋಡಿ ಅನ್ನುವ ಸೂಚನೆ ಅಷ್ಟೇ.

ಹೊಸ_ಷೇರುದಾರ

ಈಗ ಅರ್ಥ ಆಯಿತು ಸರ್. ಶಾರ್ಟ್ ನೋಡಿದೆ, ಸಾಕಷ್ಟು ಇದೆ. ಹಾಗಾದರೆ ಈ ಸಂಸ್ಥೆಗಳ ಸಂಖ್ಯೆಯನ್ನು ಸುಮ್ನೆ ಪಕ್ಕಕ್ಕಿಡಬಹುದಾ?

ಇಂಡೆಕ್ಸ್_ಸಾಕು

ಇಡಿ. ಷೇರನ್ನೂ ಪಕ್ಕಕ್ಕಿಟ್ಟು ಇಂಡೆಕ್ಸ್ ಫಂಡ್ ತಗೊಳ್ಳಿ. ನಿದ್ದೆ ಬರುತ್ತದೆ.

ಫುಟ್‌ನೋಟ್_ಓದುಗ

ಇಂಡೆಕ್ಸ್_ಸಾಕು ಅವರ ಉತ್ತರ ಯಾವಾಗಲೂ ಅದೇ, ಮತ್ತು ಯಾವಾಗಲೂ ಅರ್ಧ ಸರಿ. :)

ಪಕ್ಕಕ್ಕಿಡುವುದು ಬೇಡ, ಒಡೆದು ನೋಡಿ. "ಸಂಸ್ಥೆಗಳು" ಅಂದಾಗ ನಮ್ಮ ಕಣ್ಣಿಗೆ ಬರುವುದು ಬ್ಯಾಲೆನ್ಸ್ ಶೀಟ್ ಮುಂದೆ ಕೂತು ತಲೆ ಕೆರೆದುಕೊಳ್ಳುವ ವಿಶ್ಲೇಷಕರು. ಪಟ್ಟಿಯ ಮೇಲ್ಭಾಗದಲ್ಲಿ ಇರುವವರು ಸಾಮಾನ್ಯವಾಗಿ ವ್ಯಾನ್‌ಗಾರ್ಡ್, ಬ್ಲ್ಯಾಕ್‌ರಾಕ್, ಸ್ಟೇಟ್ ಸ್ಟ್ರೀಟ್ ಅನ್ನುವ ದೊಡ್ಡ ಫಂಡ್ ಕಂಪನಿಗಳು. ಅವರ ಪಾಲಿನ ದೊಡ್ಡ ಭಾಗ ಇಂಡೆಕ್ಸ್ ಹಣ. ಬ್ಯಾಂಕ್ ರಸೆಲ್ 2000 ಅನ್ನುವ ಸಣ್ಣ ಕಂಪನಿಗಳ ಸೂಚ್ಯಂಕದಲ್ಲಿ ಇದೆ, ಅದಕ್ಕೇ ಅವರ ಹತ್ತಿರ ಇದೆ. ಸೂಚ್ಯಂಕದಿಂದ ಹೊರಗೆ ಬಿದ್ದರೆ ಮಾರುತ್ತಾರೆ, ಅಷ್ಟೇ. ಒಳ್ಳೆ ಬ್ಯಾಂಕ್, ಕೆಟ್ಟ ಬ್ಯಾಂಕ್ ಅನ್ನುವ ತೀರ್ಮಾನ ಅದರಲ್ಲಿ ಇಲ್ಲ. ಪ್ರಾದೇಶಿಕ ಬ್ಯಾಂಕ್‌ಗಳಿಗೇ ಇರುವ ಕೆಆರ್‌ಇ ಅನ್ನುವ ಇಟಿಎಫ್, ಅಂದರೆ ಷೇರಿನ ಹಾಗೆ ಕೊಂಡು ಮಾರುವ ಫಂಡ್, ಬೇರೆ ಇದೆ. ಅದು ಬ್ಯಾಂಕ್‌ಗಳಿಗೆ ಹೆಚ್ಚುಕಡಿಮೆ ಸಮ ತೂಕ ಕೊಡುತ್ತದೆ. ಅದಕ್ಕೇ ಬ್ಯಾಂಕಿನ ಗಾತ್ರಕ್ಕೆ ಹೋಲಿಸಿದರೆ ಕೆಲವು ಸಣ್ಣ ಷೇರುಗಳಲ್ಲಿ ಅದರ ಪಾಲು ದೊಡ್ಡದಾಗಿ ಕಾಣುತ್ತದೆ. ಗಾಬರಿಯಾದ ಜನ ಆ ಇಟಿಎಫ್ ಬಿಟ್ಟು ಓಡಿದ ದಿನ ಏನೂ ತಪ್ಪು ಮಾಡದ ಬ್ಯಾಂಕೂ ಬೀಳುತ್ತದೆ.

ಇಂಡೆಕ್ಸ್ ಹಣ, ಶಾರ್ಟ್‌ನ ಇನ್ನೊಂದು ಬದಿ ಹಿಡಿದ ಟ್ರೇಡಿಂಗ್ ಸಂಸ್ಥೆಗಳು ಇವನ್ನೆಲ್ಲ ತೆಗೆದ ಮೇಲೆ ಯಾರು ಉಳಿಯುತ್ತಾರೆ ನೋಡಿ. ಬ್ಯಾಂಕ್ ಷೇರನ್ನೇ ಕಸುಬು ಮಾಡಿಕೊಂಡ ಸಣ್ಣ ಫಂಡ್‌ಗಳು ಇದ್ದಾವೆ. ಅಂಥವರು ನಾಲ್ಕಾರು ತ್ರೈಮಾಸಿಕ ಬಿಡದೆ ಹಿಡಿದಿದ್ದರೆ ನಾನು ಕುತೂಹಲದಿಂದ ನೋಡುತ್ತೇನೆ. ಅದಕ್ಕಿಂತ ಹೆಚ್ಚು ತೂಕ ಕೊಡುವುದಿಲ್ಲ.

ಇನ್ನೊಂದು ತಮಾಷೆ. ಬ್ಯಾಂಕಿನ ಸ್ವಂತ ಟ್ರಸ್ಟ್ ವಿಭಾಗವೇ ಸಂಸ್ಥೆಗಳ ಪಟ್ಟಿಯಲ್ಲಿ ಬರಬಹುದು. ಗ್ರಾಹಕರ ಹಣ ನೋಡಿಕೊಳ್ಳುವಾಗ ತನ್ನದೇ ಷೇರು ಇಟ್ಟುಕೊಂಡಿರುತ್ತದೆ. ಅದನ್ನೂ "ಹೊರಗಿನ ಸಂಸ್ಥೆಯ ನಂಬಿಕೆ" ಅಂತ ಎಣಿಸಿದರೆ ಏನು ಮಾಡೋದು!

ಬ್ಯಾಂಕ್_ನಿವೃತ್ತೆ

ಸಂಸ್ಥೆ ಕೊಂಡಿದೆ ಅಂದರೆ ಯಾರೋ ಬುದ್ಧಿವಂತರು ಪರೀಕ್ಷೆ ಮಾಡಿದ್ದಾರೆ ಅನ್ನುವವರಿಗೆ ನಾನು ಹೇಳುವುದು ಅಲೆಕ್ಟಾ ಕಥೆ. ಸ್ವೀಡನ್ನಿನ ದೊಡ್ಡ ಪಿಂಚಣಿ ಸಂಸ್ಥೆ. ಇಂಡೆಕ್ಸ್ ನೋಡಿ ಕೊಂಡವರಲ್ಲ, ತಾವೇ ಆರಿಸಿ ಕೊಂಡವರು. 2023ರ ಮಾರ್ಚ್ ಹೊತ್ತಿಗೆ ಸಿಲಿಕಾನ್ ವ್ಯಾಲಿ ಬ್ಯಾಂಕಿನ ನಾಲ್ಕನೇ ದೊಡ್ಡ ಷೇರುದಾರರು. ಸಿಗ್ನೇಚರ್ ಬ್ಯಾಂಕಲ್ಲೂ ಇದ್ದರು, ಫಸ್ಟ್ ರಿಪಬ್ಲಿಕ್‌ನಲ್ಲೂ ಇದ್ದರು. ಆ ವರ್ಷ ಮಾರ್ಚ್ 10ಕ್ಕೆ ಮೊದಲನೆಯದು, ಮಾರ್ಚ್ 12ಕ್ಕೆ ಎರಡನೆಯದು, ಮೇ 1ಕ್ಕೆ ಮೂರನೆಯದು ಹೋಯಿತು. ಮೂರರಿಂದ ಸುಮಾರು 200 ಕೋಟಿ ಡಾಲರ್ ನಷ್ಟ. ಏಪ್ರಿಲ್‌ನಲ್ಲಿ ಅವರ ಸಿಇಒ ಕುರ್ಚಿಯೂ ಹೋಯಿತು.

ಹೊಸ_ಷೇರುದಾರ ಅವರೇ, ಬ್ಯಾಂಕ್ ಷೇರು ಬೇರೆ ಕಂಪನಿ ಷೇರಿನ ಹಾಗಲ್ಲ ಅನ್ನುವುದು ಇನ್ನೂ ಯಾರೂ ಹೇಳಲಿಲ್ಲ. ಬಟ್ಟೆ ಕಂಪನಿಯಲ್ಲಿ ಶೇ 20 ಕೊಂಡರೆ ಬರೀ ಫೈಲಿಂಗ್ ಮಾಡಿ ಸುಮ್ಮನಿರಬಹುದು. ಬ್ಯಾಂಕಲ್ಲಿ ಆಗುವುದಿಲ್ಲ. 1956ರ ಬ್ಯಾಂಕ್ ಹೋಲ್ಡಿಂಗ್ ಕಂಪನಿ ಕಾಯ್ದೆ ಪ್ರಕಾರ ಒಂದು ಕಂಪನಿಗೆ ಓಟಿನ ಶೇ 25 ಸಿಕ್ಕರೆ ಅದು ಬ್ಯಾಂಕನ್ನು ನಿಯಂತ್ರಿಸುತ್ತಿದೆ ಅಂತಲೇ ಅರ್ಥ. ಆಗ ಅದೂ ಬ್ಯಾಂಕ್ ಹೋಲ್ಡಿಂಗ್ ಕಂಪನಿ, ಅಂದರೆ ಬ್ಯಾಂಕಿನ ಮೇಲಿನ ಒಡೆಯ ಕಂಪನಿ ಆಗಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಕೈಕೆಳಗೆ ಬರಬೇಕು. ಯಾವ ಫಂಡ್‌ಗೂ ಅದು ಬೇಡ. ಶೇ 10 ಮುಟ್ಟುವಾಗಲೇ 1978ರ ಇನ್ನೊಂದು ಕಾಯ್ದೆ ಅಡ್ಡ ಬರುತ್ತದೆ. ಮೊದಲೇ ತಿಳಿಸಿ, ನಿಯಂತ್ರಣ ಮಾಡುವ ಉದ್ದೇಶ ಇಲ್ಲ ಅಂತ ತೋರಿಸಬೇಕಾಗುತ್ತದೆ. ಶೇ 5 ದಾಟಿದ ಮೇಲೂ ಬೋರ್ಡ್‌ನಲ್ಲಿ ಎಷ್ಟು ಜನ, ಬ್ಯಾಂಕಿನ ಜೊತೆ ವ್ಯವಹಾರ ಎಷ್ಟು ಅಂತೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಪ್ರಶ್ನೆ. 2020ರಲ್ಲಿ ಫೆಡ್ ಆ ಮೆಟ್ಟಿಲುಗಳನ್ನು ಬರೆದೇ ಇಟ್ಟಿತು.

ವಾರನ್ ಬಫೆಟ್ ಅವರ ಬರ್ಕ್‌ಷೈರ್‌ನವರೇ 2017ರಲ್ಲಿ ವೆಲ್ಸ್ ಫಾರ್ಗೋ ಬ್ಯಾಂಕಿನ ಷೇರು ಮಾರಿ ಶೇ 10ರ ಕೆಳಗೆ ಇಳಿದರು. ಬ್ಯಾಂಕ್ ಕೆಟ್ಟಿತ್ತು ಅಂತ ಆಗ ಮಾರಿದ್ದಲ್ಲ. ಆ ಗೆರೆ ದಾಟಿದರೆ ಬರುವ ತಲೆನೋವು ಬೇಡ ಅಂತ. ಆ್ಯಪ್‌ನಲ್ಲಿ ಅದೂ ಕೆಂಪು ಬಾಣವೇ.

ವ್ಯಾನ್‌ಗಾರ್ಡ್, ಬ್ಲ್ಯಾಕ್‌ರಾಕ್ ಕೂಡ ಠೇವಣಿ ವಿಮೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿ ಮೇಲ್ವಿಚಾರಣೆಯ ಬ್ಯಾಂಕ್‌ಗಳಲ್ಲಿ ಶೇ 10 ದಾಟಬೇಕಾದರೆ "ಆಡಳಿತದಲ್ಲಿ ಕೈಹಾಕುವುದಿಲ್ಲ" ಅಂತ ಬರೆದುಕೊಡಬೇಕು. ಮೊದಲನೆಯವರು 2024ರ ಕೊನೆಯಲ್ಲಿ, ಎರಡನೆಯವರು 2025ರ ಜನವರಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಹಾಗಾಗಿ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವ ಹೆಸರೇ ಬಾಯಿ ಕಟ್ಟಿಕೊಂಡು ಕೂತಿರುತ್ತದೆ.

ಮೌನಿ_ಓದುಗ

ಇಲ್ಲಿ ಬರೆಯುವುದು ಅಪರೂಪ. ಆದರೆ ಮೇಡಂ, ದೊಡ್ಡ ಪಾಲು ಇಲ್ಲದೆಯೂ ಗಲಾಟೆ ಮಾಡಬಹುದು ಅಲ್ವಾ? 2025ರಲ್ಲಿ ಹೋಲ್ಡ್‌ಕೋ ಅನ್ನುವ ಫಂಡ್ ಕೊಮೆರಿಕಾ ಬ್ಯಾಂಕಿನ ಮೇಲೆ ಬಿದ್ದಾಗ ಅವರ ಹತ್ತಿರ ಇದ್ದದ್ದು ಶೇ 2 ಕೂಡ ಅಲ್ಲ. ಬ್ಯಾಂಕ್ ಮಾರಿ ಅಂತ ಜುಲೈನಲ್ಲಿ ಬಹಿರಂಗವಾಗಿ ಪಟ್ಟು ಹಿಡಿದರು. ಅಕ್ಟೋಬರ್ 6ಕ್ಕೆ ಫಿಫ್ತ್ ಥರ್ಡ್ ಅನ್ನುವ ಇನ್ನೊಂದು ಬ್ಯಾಂಕ್ ಸುಮಾರು 1,090 ಕೋಟಿ ಡಾಲರ್‌ಗೆ ಕೊಳ್ಳುತ್ತದೆ ಅಂತ ಘೋಷಣೆ ಬಂತು.

ಬ್ಯಾಂಕ್_ನಿವೃತ್ತೆ

ಹೌದು, ಒಳ್ಳೆಯ ಉದಾಹರಣೆ ಕೊಟ್ಟಿರಿ. ಅವರೊಬ್ಬರಿಂದಲೇ ಆಯಿತು ಅನ್ನಲಾರೆ. ಆದರೆ ಕೂಗುವವನ ಪಾಲಿಗಿಂತ ಕೇಳಿಸಿಕೊಳ್ಳುವವರು ಎಷ್ಟು ಜನ ಬೇಸತ್ತಿದ್ದಾರೆ ಅನ್ನುವುದು ಮುಖ್ಯ. ಒಳಗಿನವರ ಪಾಲು ಚೂರೇ ಇರುವ ಬ್ಯಾಂಕಲ್ಲಿ ಇಂಥ ಕೂಗಿಗೆ ಬಲ ಬರುತ್ತದೆ. ಶೇ 30 ಒಂದೇ ಮನೆತನದ ಕೈಯಲ್ಲಿದ್ದರೆ ಎಷ್ಟು ಕೂಗಿದರೂ ಕಲ್ಲಿಗೆ ನೀರು ಹೊಯ್ದ ಹಾಗೆ. ಹೊಸ_ಷೇರುದಾರ ಅವರು "ಬರೀ ಮೂರು" ಅಂತ ಬೇಸರ ಮಾಡಿಕೊಂಡಿದ್ದಾರೆ. ಒಂದು ದಿನ ಯಾರಾದರೂ ಒಳ್ಳೆಯ ಬೆಲೆಗೆ ಕೊಳ್ಳಲು ಬಂದರೆ ಅದೇ ಮೂರು ಅವರ ಅದೃಷ್ಟ ಆಗಬಹುದು.

ಚಾರ್ಟ್_ಪ್ರಿಯ

ಎಲ್ಲಾ ಸರಿ. ಸಿಲಿಕಾನ್ ವ್ಯಾಲಿ ಬ್ಯಾಂಕ್ ವಿಷಯಕ್ಕೆ ಬರುತ್ತೇನೆ ಅಂದಿದ್ದರು, ಬರಲೇ ಇಲ್ಲ. :)

ಫುಟ್‌ನೋಟ್_ಓದುಗ

ಬಂದೆ. 2023ರ ಫೆಬ್ರವರಿ 27ರಂದು ಸಿಇಒ ಗ್ರೆಗ್ ಬೆಕರ್ 12,451 ಷೇರು ಮಾರಿದರು. ಆಯ್ಕೆ ಹಕ್ಕು (ಮೊದಲೇ ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಚಲಾಯಿಸಿ ಷೇರು ತೆಗೆದುಕೊಂಡು, ಅಷ್ಟನ್ನೂ ಅದೇ ದಿನ ಮಾರಿದ್ದು. ಮೊತ್ತ ನೀವು ಹೇಳಿದ್ದೇ, ಸುಮಾರು 36 ಲಕ್ಷ ಡಾಲರ್. ಮಾರುವ ಯೋಜನೆ ಜನವರಿ 26ರಂದೇ ನಿಗದಿ ಆಗಿತ್ತು. ಇದಕ್ಕೆ 10ಬಿ5-1 ಯೋಜನೆ ಅನ್ನುತ್ತಾರೆ. ಇಂಥ ದಿನ ಇಷ್ಟು ಮಾರು ಅಂತ ಮೊದಲೇ ಬರೆದಿಟ್ಟರೆ, ಆಮೇಲೆ ಒಳಗಿನ ಸುದ್ದಿ ತಿಳಿದು ಮಾರಿದರು ಅನ್ನುವ ಆರೋಪಕ್ಕೆ ಉತ್ತರ ಸಿಗುತ್ತದೆ.

ಈಗ ನೋಡಿ. ಆ ಯೋಜನೆಗಳಿಗೆ ಎಸ್‌ಇಸಿ 2022ರ ಡಿಸೆಂಬರ್‌ನಲ್ಲಿ ಹೊಸ ನಿಯಮ ಮಾಡಿತು. ಡೈರೆಕ್ಟರ್, ಅಧಿಕಾರಿಗಳು ಯೋಜನೆ ಬರೆದ ಮೇಲೆ ಕನಿಷ್ಠ 90 ದಿನ ಕಾಯಬೇಕು, ಆಮೇಲೆ ಮೊದಲ ಮಾರಾಟ. ಆ ನಿಯಮ ಜಾರಿಗೆ ಬಂದ ದಿನ ಯಾವುದು? 2023ರ ಫೆಬ್ರವರಿ 27! ಆ ದಿನದಿಂದ ಬರೆದ ಯೋಜನೆಗಳಿಗೆ ಮಾತ್ರ ಕಾಯುವ ಷರತ್ತು. ಜನವರಿ 26ರ ಯೋಜನೆ ಹಳೆಯ ನಿಯಮದಡಿ ಇತ್ತು. ಹೊಸ ನಿಯಮ ಒಂದು ತಿಂಗಳು ಮೊದಲು ಬಂದಿದ್ದರೆ ಏಪ್ರಿಲ್ ಕೊನೆಯವರೆಗೆ ಮಾರಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಮಾರಲು ಷೇರಿಗೆ ಬೆಲೆಯೇ ಇರುತ್ತಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ಮಾರಾಟ ನೋಡಿ ಬ್ಯಾಂಕ್ ಮುಳುಗುತ್ತದೆ ಅಂತ ಊಹಿಸುವುದು ಕಷ್ಟ ಇತ್ತು. ಅವಧಿ ಮುಗಿಯುವ ಆಯ್ಕೆ ಹಕ್ಕುಗಳನ್ನು ಮಾರುವ ಸಿಇಒಗಳು ಪ್ರತಿ ವಾರ ಸಿಗುತ್ತಾರೆ. ಮುಳುಗಿಸಿದ್ದು ಬೇರೆ. ಬಡ್ಡಿ ಏರಿದಾಗ ಬೆಲೆ ಕುಸಿದ ದೀರ್ಘಾವಧಿ ಬಾಂಡ್‌ಗಳು, ವಿಮೆ ಮಿತಿ ದಾಟಿದ ಠೇವಣಿ. ಎರಡೂ ವಾರ್ಷಿಕ ವರದಿಯಲ್ಲೇ ಇದ್ದವು.

ಚಾರ್ಟ್_ಪ್ರಿಯ

ಆ ದಿನಾಂಕದ ವಿಷಯ ಗೊತ್ತಿರಲಿಲ್ಲ. ಆದರೂ ಸರ್, ಕೊಳ್ಳುವುದು ನಂಬಬಹುದಲ್ಲ? ಮಾರಲು ನೂರು ಕಾರಣ, ಕೊಳ್ಳಲು ಒಂದೇ ಕಾರಣ ಅನ್ನುತ್ತಾರೆ.

ಬ್ಯಾಂಕ್_ನಿವೃತ್ತೆ

ಅನ್ನುತ್ತಾರೆ. ನನಗೆ ಆ ಮಾತಿನ ಮೇಲೆ ಅಷ್ಟು ನಂಬಿಕೆ ಇಲ್ಲ.

ನ್ಯೂಯಾರ್ಕ್ ಕಮ್ಯುನಿಟಿ ಬ್ಯಾಂಕಾರ್ಪ್ ನೋಡಿ. 2024ರ ಜನವರಿ 31ರಂದು ತ್ರೈಮಾಸಿಕ ಡಿವಿಡೆಂಡ್ 17 ಸೆಂಟ್‌ನಿಂದ 5 ಸೆಂಟ್‌ಗೆ ಇಳಿಸಿದರು. ಷೇರು ಒಂದೇ ದಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿತ್ತು. ಫೆಬ್ರವರಿಯಲ್ಲಿ ಒಳಗಿನ ಕೆಲವರು ಸ್ವಂತ ದುಡ್ಡು ಹಾಕಿ, 4 ಡಾಲರ್ ಆಸುಪಾಸಿನಲ್ಲಿ ಕೊಂಡರು. ಪತ್ರಿಕೆಗಳಲ್ಲಿ ಬಂತು, ಷೇರು ಸ್ವಲ್ಪ ಚೇತರಿಸಿಕೊಂಡಿತು. ಮಾರ್ಚ್ 6ಕ್ಕೆ ಬ್ಯಾಂಕ್ ಉಳಿಸಿಕೊಳ್ಳಲು 105 ಕೋಟಿ ಡಾಲರ್ ಎತ್ತಬೇಕಾಯಿತು. ಅಮೆರಿಕದ ಮಾಜಿ ಹಣಕಾಸು ಸಚಿವ ಸ್ಟೀವನ್ ಮ್ನೂಚಿನ್ ಅವರ ಲಿಬರ್ಟಿ ಫಂಡ್ ಒಂದೇ 45 ಕೋಟಿ ಹಾಕಿತು. ಸಾಮಾನ್ಯ ಷೇರಿನ ದರ 2 ಡಾಲರ್. ಆ ಬ್ಯಾಂಕಿನ ಹೆಸರು ಈಗ ಫ್ಲ್ಯಾಗ್‌ಸ್ಟಾರ್.

ಕೊಂಡವರಿಗೆ ಪ್ರಾಮಾಣಿಕವಾಗಿಯೇ ನಂಬಿಕೆ ಇತ್ತು ಅಂದುಕೊಳ್ಳುತ್ತೇನೆ. ಒಳಗಿದ್ದವರಿಗೂ ತಮ್ಮ ಸಾಲದ ಪುಸ್ತಕ ಪೂರ್ತಿ ಕಾಣುವುದಿಲ್ಲ. ಅಥವಾ ಕಂಡರೂ ನಾಳೆ ಠೇವಣಿದಾರ ಏನು ಮಾಡುತ್ತಾನೆ ಅಂತ ಗೊತ್ತಿರುವುದಿಲ್ಲ. ಷೇರು ಬೀಳುವಾಗ ಠೇವಣಿದಾರರಿಗೆ ಧೈರ್ಯ ಹೇಳಲು ಬೋರ್ಡಿನವರು ಸಣ್ಣ ಸಣ್ಣ ಖರೀದಿ ಮಾಡುವುದೂ ಉಂಟು. ಅದು ಕೊಳ್ಳುವ ಎರಡನೇ ಕಾರಣ.

ಹೊಸ_ಷೇರುದಾರ

ಇಷ್ಟೆಲ್ಲ ಓದಿದ ಮೇಲೆ ಆ ಕೆಂಪು ಬಾಣದ ಮೂಲ ಹುಡುಕಿದೆ. ಎಸ್‌ಇಸಿಯ ಫೈಲಿಂಗ್ ತಾಣ ಎಡ್ಗರ್‌ನಲ್ಲಿ ಫಾರಂ 4, ಅಂದರೆ ಒಳಗಿನವರು ತಮ್ಮ ಷೇರಿನ ವ್ಯವಹಾರ ತಿಳಿಸುವ ಫಾರಂ, ಸಿಕ್ಕಿತು. ಮೊದಲ ಕೋಷ್ಟಕದಲ್ಲಿ ಒಂದೇ ಸಾಲು. ದಿನಾಂಕ, ಆಮೇಲೆ ಕೋಡ್ ಜಾಗದಲ್ಲಿ "ಎಫ್", ಷೇರಿನ ಸಂಖ್ಯೆ, ಅದರ ಪಕ್ಕ "ಡಿ", ಬೆಲೆ. ಕೊನೆಯಲ್ಲಿ ಉಳಿದ ಷೇರು. ಬಿಟ್ಟದ್ದಕ್ಕಿಂತ ಉಳಿದದ್ದು ಎಷ್ಟೋ ಪಟ್ಟು ಜಾಸ್ತಿ ಇದೆ. ಎಫ್ ಅಂದರೆ ಏನು?

ಫುಟ್‌ನೋಟ್_ಓದುಗ

ತೆರಿಗೆ. ಸಂಬಳದ ಭಾಗವಾಗಿ ಕೊಟ್ಟ ಷೇರು ಅವರ ಕೈಗೆ ಬಂದ ದಿನ ತೆರಿಗೆ ಕಟ್ಟಬೇಕು. ಕಂಪನಿ ಅಷ್ಟು ಷೇರು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತದೆ. ಅವರು ಮಾರುಕಟ್ಟೆಗೆ ಹೋಗಿ ಮಾರಲೇ ಇಲ್ಲ. ಆ "ಡಿ" ಅಂದರೆ ಕೈಬಿಟ್ಟದ್ದು ಅಂತ. ಆ್ಯಪ್ ಅದನ್ನು ನೋಡಿ ಕೆಂಪು ಬಾಣ ಹಾಕಿದೆ. ನಿಮ್ಮ ಬಾಣ ಅಲ್ಲಿಗೆ ಮುಗಿಯಿತು.

ಉಳಿದ ಅಕ್ಷರಗಳೂ ತಿಳಿದಿರಲಿ. "ಪಿ" ಅಂದರೆ ಮಾರುಕಟ್ಟೆಯಲ್ಲೋ ಖಾಸಗಿಯಾಗಿಯೋ ಕೊಂಡದ್ದು. "ಎಸ್" ಅಂದರೆ ಮಾರಿದ್ದು. "ಎ" ಅಂದರೆ ಕಂಪನಿ ಕೊಟ್ಟದ್ದು, "ಎಂ" ಅಂದರೆ ಆಯ್ಕೆ ಹಕ್ಕು ಚಲಾಯಿಸಿದ್ದು, "ಜಿ" ದಾನ. ಸಣ್ಣ ಬ್ಯಾಂಕ್‌ಗಳಲ್ಲಿ ಡೈರೆಕ್ಟರ್‌ಗಳು ಸಭೆಯ ಶುಲ್ಕವನ್ನೇ ಷೇರಿನ ರೂಪದಲ್ಲಿ ಪಡೆಯುವುದಿದೆ. ಅದು "ಎ". ಕೆಲವು ತಾಣಗಳು ಅದಕ್ಕೂ "ಡೈರೆಕ್ಟರ್ ಕೊಂಡರು" ಅಂತ ಹಸಿರು ಬಾಣ ಹಾಕುತ್ತವೆ. ನ್ಯಾಷನಲ್ ಬ್ಯಾಂಕ್ (ಕೇಂದ್ರ ಸರ್ಕಾರದ ಪರವಾನಗಿ ಇರುವ ಬ್ಯಾಂಕ್) ಆದರೆ ಡೈರೆಕ್ಟರ್ ಆಗಲು ಕಾನೂನಿನಂತೆ ಒಂದಷ್ಟು ಷೇರು ಇಟ್ಟುಕೊಳ್ಳಲೇಬೇಕು. ಮುಖಬೆಲೆಯಲ್ಲಿ 1,000 ಡಾಲರ್‌ನಷ್ಟು. ಹಾಗಾಗಿ ಹೊಸ ಡೈರೆಕ್ಟರ್ ಚೂರು ಕೊಂಡದ್ದಕ್ಕೂ ಹಬ್ಬ ಮಾಡಬೇಕಾಗಿಲ್ಲ.

ನಾನು ನಿಂತು ನೋಡುವುದು "ಪಿ" ಮಾತ್ರ. ಅದೂ ಮೊತ್ತ ಆ ವ್ಯಕ್ತಿಯ ವರ್ಷದ ಸಂಬಳಕ್ಕೆ ಹೋಲಿಸಿದರೆ ನೋವಾಗುವಷ್ಟು ಇದ್ದಾಗ. ಒಬ್ಬರಿಗಿಂತ ಮೂರು ನಾಲ್ಕು ಜನ ಬೇರೆ ಬೇರೆ ದಿನ ಕೊಂಡಿದ್ದರೆ ಇನ್ನೂ ಒಳ್ಳೆಯದು. ಸಾಲ ಕೊಡುವ ವಿಭಾಗದ ಮುಖ್ಯಸ್ಥರು ಕೊಂಡರೆ ನನಗೆ ಅಧ್ಯಕ್ಷರು ಕೊಂಡದ್ದಕ್ಕಿಂತ ಖುಷಿ. ಅವರಿಗೆ ಗೊತ್ತಿರುತ್ತದೆ.

ಫಾರಂ 4 ಎರಡು ಕೆಲಸದ ದಿನದೊಳಗೆ ಬರಬೇಕು, 2002ರಿಂದ ಹಾಗಿದೆ. ಮೊದಲು ಮುಂದಿನ ತಿಂಗಳ 10ರವರೆಗೆ ಸಮಯ ಇತ್ತು. 2023ರ ಏಪ್ರಿಲ್‌ನಿಂದ ಇದು 10ಬಿ5-1 ಯೋಜನೆಯಡಿ ಆಗಿದ್ದಾ ಅಂತ ಗುರುತು ಹಾಕುವ ಚೌಕ ಕೂಡ ಬಂದಿದೆ. ಆ ಚೌಕ ಖಾಲಿ ಇದ್ದು ಕೋಡ್ "ಎಸ್" ಆಗಿದ್ದರೆ ಚಾರ್ಟ್_ಪ್ರಿಯ ಅವರ ಅನುಮಾನಕ್ಕೆ ನಾನೂ ಸ್ವಲ್ಪ ಜಾಗ ಕೊಡುತ್ತೇನೆ.

ಮೌನಿ_ಓದುಗ

ಒಂದು ಸಣ್ಣ ಸೇರ್ಪಡೆ. ಎಡ್ಗರ್‌ನಲ್ಲಿ ಏನೂ ಕಾಣಲಿಲ್ಲ ಅಂದರೆ ಒಳಗಿನವರು ಮಾರಿಲ್ಲ ಅಂತ ಅರ್ಥ ಅಲ್ಲ. ಮೇಲೆ ಹೋಲ್ಡಿಂಗ್ ಕಂಪನಿ ಇಲ್ಲದೆ ಬ್ಯಾಂಕೇ ನೇರವಾಗಿ ಷೇರು ಬಿಟ್ಟಿದ್ದರೆ ಅದರ ಫೈಲಿಂಗ್ ಹೋಗುವುದು ಎಸ್‌ಇಸಿಗಲ್ಲ, ಬ್ಯಾಂಕ್ ನಿಯಂತ್ರಕರಿಗೆ. ಫಸ್ಟ್ ರಿಪಬ್ಲಿಕ್, ಸಿಗ್ನೇಚರ್ ಎರಡೂ ಎಫ್‌ಡಿಐಸಿಗೆ ಕೊಡುತ್ತಿದ್ದವು. ಬ್ಯಾಂಕ್ ಒಝಡ್‌ಕೆ 2017ರಲ್ಲಿ ಹೋಲ್ಡಿಂಗ್ ಕಂಪನಿ ತೆಗೆದ ಮೇಲೆ ಅದೂ ಹಾಗೇ. ಎಡ್ಗರ್‌ನಿಂದ ಮಾತ್ರ ಮಾಹಿತಿ ಎತ್ತುವ ತಾಣಗಳಲ್ಲಿ ಇಂಥ ಬ್ಯಾಂಕಿನ ಪುಟ ಖಾಲಿ. ಸಂಸ್ಥೆಗಳ ಪಟ್ಟಿ ಮಾತ್ರ ತುಂಬಿರುತ್ತದೆ, ಯಾಕೆಂದರೆ 13ಎಫ್ ಕೊಡುವುದು ಫಂಡ್‌ಗಳು.

ಹೊಸ_ಷೇರುದಾರ

ಅಬ್ಬಾ. ಇದು ಯಾರಿಗೆ ಹೊಳೆಯುತ್ತದೆ! ನನ್ನದಕ್ಕೆ ಹೋಲ್ಡಿಂಗ್ ಕಂಪನಿ ಇದೆ, ಬಚಾವ್.

ಇಂಡೆಕ್ಸ್_ಸಾಕು

ಒಂದು ಗಂಭೀರ ಪ್ರಶ್ನೆ, ತಮಾಷೆ ಅಲ್ಲ. ಪಾಲು ಮತ್ತು ಓಟು ಒಂದೇನಾ? ಫಸ್ಟ್ ಸಿಟಿಜನ್ಸ್‌ನಲ್ಲಿ ಒಂದು ಮನೆತನವೇ ಎಲ್ಲಾ ನಡೆಸುತ್ತದೆ ಅಂತ ಕೇಳಿದ್ದೆ. ಆ್ಯಪ್‌ನಲ್ಲಿ ಪಾಲು ಅಷ್ಟು ಕಾಣಲಿಲ್ಲ.

ಬ್ಯಾಂಕ್_ನಿವೃತ್ತೆ

ಒಂದೇ ಅಲ್ಲ. ಫಸ್ಟ್ ಸಿಟಿಜನ್ಸ್‌ನಲ್ಲಿ ಎರಡು ವರ್ಗದ ಷೇರು. ಎ ವರ್ಗಕ್ಕೆ ಒಂದು ಓಟು, ಬಿ ವರ್ಗಕ್ಕೆ 16 ಓಟು. ಹೋಲ್ಡಿಂಗ್ ಮನೆತನದ ಬಲ ಇರುವುದು ಬಿ ವರ್ಗದಲ್ಲಿ. (ಮನೆತನದ ಹೆಸರೇ ಹೋಲ್ಡಿಂಗ್, ಹೋಲ್ಡಿಂಗ್ ಕಂಪನಿ ಅಂತ ಗೊಂದಲ ಬೇಡ.) 2023ರ ಮಾರ್ಚ್ ಕೊನೆಯಲ್ಲಿ ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕನ್ನು ಎಫ್‌ಡಿಐಸಿಯಿಂದ ಕೊಂಡವರು ಇವರೇ. ಆ ದಿನ ಷೇರು ಅರ್ಧಕ್ಕಿಂತ ಜಾಸ್ತಿ ಏರಿತು. ತುಲ್ಸಾದ ಬಿಒಕೆ ಫೈನಾನ್ಷಿಯಲ್ ಇನ್ನೊಂದು ಥರ. ಅಲ್ಲಿ ಓಟಿನ ಆಟ ಇಲ್ಲ. ಜಾರ್ಜ್ ಕೈಸರ್ 1991ರಲ್ಲಿ ಬ್ಯಾಂಕನ್ನು ಎಫ್‌ಡಿಐಸಿಯಿಂದ ಕೊಂಡರು, ಆಮೇಲೂ ಅರ್ಧಕ್ಕಿಂತ ಜಾಸ್ತಿ ಪಾಲು ಇಟ್ಟುಕೊಂಡೇ ಬಂದರು.

ಮನೆತನದ ಬ್ಯಾಂಕ್ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಬೇಡಿ. ಅವರು ಮುಂದಿನ ತ್ರೈಮಾಸಿಕಕ್ಕಿಂತ ಮುಂದಿನ ತಲೆಮಾರಿನ ಲೆಕ್ಕ ಹಾಕುತ್ತಾರೆ. ಅದರಿಂದ ಸಾಲ ಕೊಡುವಾಗ ಕೈ ಬಿಗಿಯಾಗಿರುತ್ತದೆ. ಆದರೆ ಅಯೋಗ್ಯನೊಬ್ಬ ಗಾದಿಗೆ ಬಂದರೆ ಇಳಿಸುವವರು ಯಾರೂ ಇರುವುದಿಲ್ಲ.

ಹೊಸ_ಷೇರುದಾರ

ನನ್ನ ಬ್ಯಾಂಕಿಗೆ ಒಂದೇ ವರ್ಗ. ಷೇರುದಾರರ ಸಭೆಗೆ ಮೊದಲು ಕಳಿಸುವ ಪ್ರಾಕ್ಸಿ ಹೇಳಿಕೆ ತೆಗೆದು ಮಾಲೀಕತ್ವದ ಕೋಷ್ಟಕ ನೋಡಿದೆ. ಅಲ್ಲಿ ಒಳಗಿನವರ ಪಾಲು ಆ್ಯಪ್‌ನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಇದೆ. ಅಡಿಟಿಪ್ಪಣಿ ಓದಿದರೆ ಒಂದೊಂದು ಹೆಸರಿಗೂ ಒಂದೊಂದು ಕಥೆ. "60 ದಿನದೊಳಗೆ ಚಲಾಯಿಸಬಹುದಾದ ಆಯ್ಕೆ ಹಕ್ಕು ಸೇರಿ." "ಹೆಂಡತಿಯ ಹೆಸರಿನಲ್ಲಿ." "ನೌಕರರ ಷೇರು ಯೋಜನೆಯಲ್ಲಿ." ಇವನ್ನೆಲ್ಲ ಕಳೆದರೆ ನಿಜವಾಗಿ ದೊಡ್ಡ ಪಾಲು ಇರುವುದು ಒಬ್ಬ ಹಳೆಯ ಡೈರೆಕ್ಟರ್ ಹತ್ತಿರ. ಸಿಇಒ ಹತ್ತಿರ ಇರುವುದು ಹೆಚ್ಚುಕಡಿಮೆ ಕೊಟ್ಟಿದ್ದೇ, ಕೊಂಡದ್ದು ಕಮ್ಮಿ. ಅದೇ ಕೋಷ್ಟಕದಲ್ಲಿ ಶೇ 5 ದಾಟಿದ ಹೊರಗಿನವರೂ ಇದ್ದಾರೆ. ನೀವು ಹೇಳಿದ ಇಂಡೆಕ್ಸ್ ಹೆಸರುಗಳು, ಅವುಗಳ ಜೊತೆ ಬ್ಯಾಂಕಿನದೇ ನೌಕರರ ಷೇರು ಯೋಜನೆ.

ಫುಟ್‌ನೋಟ್_ಓದುಗ

ಇದು ಕೆಲಸ. ನೌಕರರ ಯೋಜನೆ ದೊಡ್ಡದಾಗಿದೆ ಅಂದರೆ ಇದು ಮೊದಲು ಸದಸ್ಯರ ಒಡೆತನದ ಉಳಿತಾಯ ಬ್ಯಾಂಕ್ ಆಗಿದ್ದು, ಆಮೇಲೆ ಷೇರು ಬಿಟ್ಟದ್ದಾ ನೋಡಿ. ಹಾಗೆ ಬದಲಾಗುವಾಗ ನೌಕರರ ಯೋಜನೆಗೆ ಶೇ 8ರಷ್ಟು ಎತ್ತಿಡುವುದು ರೂಢಿ. ಆ ಷೇರಿನಲ್ಲಿ ಇನ್ನೂ ನೌಕರರಿಗೆ ಹಂಚದೆ ಉಳಿದದ್ದಕ್ಕೆ ಟ್ರಸ್ಟಿ ಓಟು ಹಾಕುತ್ತಾರೆ. ಆಡಳಿತದ ವಿರುದ್ಧ ಆ ಓಟು ಬೀಳುವುದು ಕಷ್ಟ. ಹಾಗಾಗಿ ಬೋರ್ಡಿನ ಪರವಾಗಿ ನಿಲ್ಲುವ ಪಾಲು ಎಷ್ಟು ಅಂತ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ. ಆ ಹಳೆಯ ಡೈರೆಕ್ಟರ್ ಟಿಪ್ಪಣಿಯಲ್ಲಿ ಬೇರೆ ಏನಾದರೂ ಇದೆಯಾ?

ಹೊಸ_ಷೇರುದಾರ

ಇದೆ. ಅವರ ಷೇರಿನ ಅರ್ಧದಷ್ಟು ಸಾಲಕ್ಕೆ ಅಡವಿಟ್ಟಿದ್ದಾರೆ ಅಂತ ಬರೆದಿದೆ. ನಾನು ಕೇಳಬೇಕು ಅಂತಿದ್ದದ್ದೂ ಅದನ್ನೇ. ಇದೇ ಬ್ಯಾಂಕಿನಿಂದ ಸಾಲ ತೆಗೆದುಕೊಂಡಿರಬಹುದಾ?

ಬ್ಯಾಂಕ್_ನಿವೃತ್ತೆ

ಇದೇ ಷೇರು ಅಡವಿಟ್ಟು ಇದೇ ಬ್ಯಾಂಕಿನಿಂದ ಆಗುವುದಿಲ್ಲ. ತನ್ನ ಷೇರಿನ ಮೇಲೆ ತಾನೇ ಸಾಲ ಕೊಡಲು ಬ್ಯಾಂಕಿಗೆ ಅವಕಾಶ ಇಲ್ಲ. ಹಾಗಾಗಿ ಬೇರೆ ಕಡೆಯ ಸಾಲ. ನಾನಾಗಿದ್ದರೆ ಈ ಪುಟದ ಮೇಲೆ ಇನ್ನೆಲ್ಲದಕ್ಕಿಂತ ಜಾಸ್ತಿ ಹೊತ್ತು ಕೂರುತ್ತಿದ್ದೆ. ಷೇರು ಬಿದ್ದರೆ ಸಾಲ ಕೊಟ್ಟವರು ಇನ್ನಷ್ಟು ಅಡವು ಕೇಳುತ್ತಾರೆ. ಕೊಡಲು ಆಗದಿದ್ದರೆ ಮಾರಿಸುತ್ತಾರೆ. ಸಣ್ಣ ಬ್ಯಾಂಕಿನ ಷೇರಿಗೆ ದಿನಕ್ಕೆ ಕೊಳ್ಳುವವರು ಎಷ್ಟು ಜನ? ಬಿದ್ದ ಬೆಲೆ ಇನ್ನೂ ಬೀಳುತ್ತದೆ. ಆಗ ಬರುವ ಫಾರಂ 4ರಲ್ಲಿ ಕೋಡ್ "ಎಸ್" ಅಂತಲೇ ಇರುತ್ತದೆ. ಅವರಿಗೆ ಬ್ಯಾಂಕಿನ ಮೇಲೆ ನಂಬಿಕೆ ಹೋಗಿರಬೇಕು ಅಂತೇನಿಲ್ಲ.

ಡೈರೆಕ್ಟರ್‌ಗಳಿಗೆ ಬ್ಯಾಂಕ್ ಕೊಟ್ಟ ಬೇರೆ ಸಾಲಗಳ ವಿಷಯ ಪ್ರಾಕ್ಸಿಯಲ್ಲೇ ಸಂಬಂಧಿತರ ವ್ಯವಹಾರ ಅನ್ನುವ ಭಾಗದಲ್ಲಿ ಇರುತ್ತದೆ. ಅದನ್ನೂ ಓದಿ. ಅಡವಿಗೆ ಮಿತಿ ಹಾಕುವ ನೀತಿ ಬೋರ್ಡ್‌ಗೆ ಇದೆಯಾ, ಇದ್ದರೆ ಇವರಿಗೆ ವಿನಾಯಿತಿ ಕೊಟ್ಟವರು ಯಾರು ಅಂತಲೂ ನೋಡಿ.

ಹೊಸ_ಷೇರುದಾರ

ನೀತಿ ಇದೆ. "ಹಳೆಯ ಅಡವುಗಳಿಗೆ ಅನ್ವಯಿಸುವುದಿಲ್ಲ" ಅಂತ ಒಂದು ಸಾಲು ಸೇರಿಸಿದ್ದಾರೆ. ಹಿಂದಿನ ವರ್ಷಗಳ ಪ್ರಾಕ್ಸಿಗಳನ್ನು ಇಳಿಸಿಕೊಳ್ಳುತ್ತಿದ್ದೇನೆ. ಆ ಅಡವಿನ ಸಂಖ್ಯೆ ಇಳಿಯುತ್ತಿದೆಯಾ ಏರುತ್ತಿದೆಯಾ ನೋಡಿ ಇಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ ಖರೀದಿ ಇಲ್ಲ.

ಚಾರ್ಟ್_ಪ್ರಿಯ

ಹೆಸರು ಮಾತ್ರ ಹೇಳಲೇ ಇಲ್ಲ ನೋಡಿ ನೀವು.